ಬೋರ್ಡ್ ಇಷ್ಟ, ಲೆಕ್ಕ ಬೇಡವೇ?

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಜೂನ್ ತಿಂಗಳಲ್ಲಿ ನಮಗೆ ಸ್ಮಾರ್ಟ್ ಬೋರ್ಡ್ ಬಂತು. ಮೊದಲೆರಡು ತಿಂಗಳು ಒಂಬತ್ತನೆಯ ತರಗತಿಯ ಮಕ್ಕಳು ಆ ಕೋಣೆಗೆ ಓಡಿ ಬರುತ್ತಿದ್ದರು. ದಸರಾ ರಜೆ ಕಳೆದ ಮೇಲೆ ಅದೇ ಮಕ್ಕಳು ಆಕಳಿಸುತ್ತಾರೆ. ಕೇಳಿದರೆ "ಬೋರ್ಡ್ ತುಂಬಾ ಇಷ್ಟ ಮೇಡಂ" ಎನ್ನುತ್ತಾರೆ. ಮನೆಲೆಕ್ಕ ಮಾತ್ರ ಮಾಡಿರುವುದಿಲ್ಲ. ಎಲ್ಲಿ ತಪ್ಪಿದ್ದೇನೆ?
— ಶಿಕ್ಷಕಿ, ಶಿರಸಿ ತಾಲ್ಲೂಕು

ಉತ್ತರ: ನಿಮ್ಮ ಮಕ್ಕಳು ಸುಳ್ಳು ಹೇಳುತ್ತಿಲ್ಲ. ಅವರಿಗೆ ಬೋರ್ಡ್ ನಿಜವಾಗಿಯೂ ಇಷ್ಟ. ಆದರೆ ಬೋರ್ಡ್ ಇಷ್ಟವಾಗುವುದು ಬೇರೆ, ಲೆಕ್ಕ ಬಿಡಿಸಬೇಕೆನ್ನಿಸುವುದು ಬೇರೆ. ಇದು ನನಗೆ ತಿಳಿದದ್ದು ನಿವೃತ್ತಿಗೆ ಮೂರು ವರ್ಷ ಉಳಿದಿದ್ದಾಗ.

ಅರ್ಧವೃತ್ತದಲ್ಲಿನ ಕೋನ ಲಂಬಕೋನ, ಅಂದರೆ ವ್ಯಾಸದ ಎರಡು ತುದಿಗಳನ್ನು ವೃತ್ತದ ಮೇಲಿನ ಬೇರೆ ಯಾವ ಬಿಂದುವಿಗೆ ಸೇರಿಸಿದರೂ ಅಲ್ಲಿ 90 ಡಿಗ್ರಿ, ಎಂಬ ಪ್ರಮೇಯವನ್ನು ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶದಲ್ಲಿ ಸಿದ್ಧಪಡಿಸಿ ಪ್ರೊಜೆಕ್ಟರ್‌ನಲ್ಲಿ ತೋರಿಸಿದೆ. ತರಗತಿ ಕಣ್ಣು ಮಿಟುಕಿಸದೆ ನೋಡಿತು. ನಾನು ಹಿಗ್ಗಿದೆ. ಮರುದಿನ ಅದೇ ಚಿತ್ರವನ್ನು ಕೈವಾರ ಹಿಡಿದು ಬರೆಯಿರಿ ಎಂದರೆ ಮುಕ್ಕಾಲು ಪಾಲು ಹಾಳೆಗಳು ಖಾಲಿ. ನಿನ್ನೆ ಅಷ್ಟು ಚೆನ್ನಾಗಿ ನೋಡಿದಿರಲ್ಲ ಎಂದದ್ದಕ್ಕೆ ಕಿಟಕಿ ಪಕ್ಕದ ಹುಡುಗಿ, "ಅಲ್ಲಿ ಎಲ್ಲ ತಾನಾಗಿಯೇ ಆಗುತ್ತದೆ ಮೇಡಂ, ನಮಗೆ ಕೆಲಸವೇ ಇರುವುದಿಲ್ಲ" ಎಂದಳು.

ಮುಂದಿನ ವಾರ ಕ್ರಮ ಬದಲಿಸಿದೆ. ವೃತ್ತದ ಮೇಲಿನ ಬಿಂದುವನ್ನು ವ್ಯಾಸದ ತುದಿಯತ್ತ ಸರಿಸಿದರೆ ಕೋನ ಹಿಗ್ಗುತ್ತದೆಯೇ, ಕುಗ್ಗುತ್ತದೆಯೇ, ಹಾಗೆಯೇ ಇರುತ್ತದೆಯೇ? ಪ್ರೊಜೆಕ್ಟರ್ ಹಚ್ಚುವ ಮೊದಲೇ ಎಲ್ಲರೂ ಬರೆದಿಡಬೇಕು. ಆಮೇಲೆ ಮೌಸ್ ಒಬ್ಬ ಹುಡುಗನ ಕೈಗೆ. ಬಿಂದು ಸರಿಯಿತು, ತ್ರಿಭುಜ ಸೊರಗಿತು, 90 ಡಿಗ್ರಿ ಮಾತ್ರ ಕದಲಲಿಲ್ಲ. ಪ್ರಮೇಯ ನೋಡಿದ್ದ ಮಕ್ಕಳೇ, ಆದರೂ "ಕುಗ್ಗುತ್ತದೆ" ಎಂದು ಬರೆದವರೇ ಹೆಚ್ಚು. "ಇನ್ನೂ ಸರಿಸು, ಪೂರ್ತಿ ತುದಿಗೆ ಒಯ್ಯಿ" ಎಂದು ಕೂಗಿದರು. ತುದಿ ಮುಟ್ಟಿದಾಗ ತ್ರಿಭುಜವೇ ಮಾಯ! ಏಕೆ ಹೀಗೆ ಎಂಬ ಜಗಳ ಊಟದ ಗಂಟೆ ಹೊಡೆದರೂ ನಿಲ್ಲಲಿಲ್ಲ.

ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಎಂಬ ಮನಶ್ಶಾಸ್ತ್ರಜ್ಞರು ಒಳಗಿನಿಂದ ಹುಟ್ಟುವ ಪ್ರೇರಣೆಗೆ ಮೂರು ಬೇಕು ಎನ್ನುತ್ತಾರೆ: ನಾನೇ ಆರಿಸಿಕೊಂಡೆನೆಂಬ ಭಾವ, ನನ್ನಿಂದಾಗುತ್ತದೆಂಬ ಧೈರ್ಯ, ಜೊತೆಯವರ ನಂಟು. ಸುಮ್ಮನೆ ನೋಡುತ್ತ ಕುಳಿತ ಮಗುವಿಗೆ ಇವು ಎಲ್ಲಿಂದ ಸಿಗಬೇಕು? ಹೊಸತೆಂಬ ಬೆರಗು ದಸರಾ ತನಕ ಕೈಹಿಡಿದು ನಡೆಸಿತು, ಅಷ್ಟೇ. ದಿನಸಿ ತರುವ ಲಾರಿಯಿಂದ ನಮ್ಮ ಪೌಷ್ಟಿಕತೆ ಬದಲಾಗುವುದಿಲ್ಲ, ಪಾಠ ಮುಟ್ಟಿಸುವ ಸಾಧನದಿಂದ ಕಲಿಕೆಯೂ ಹಾಗೆಯೇ ಬದಲಾಗುವುದಿಲ್ಲ ಎಂದು ಶಿಕ್ಷಣ ಸಂಶೋಧಕ ರಿಚರ್ಡ್ ಕ್ಲಾರ್ಕ್ 1983ರಲ್ಲಿ ವಾದಿಸಿದರು. ಅದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಓಡಾಡುವ ಆ ಬಿಂದುವನ್ನು ಸೀಮೆಸುಣ್ಣದಲ್ಲಿ ತೋರಿಸಲು ಮೂವತ್ತು ವರ್ಷ ನನ್ನಿಂದಾಗಿರಲಿಲ್ಲ.

"ಬೋರ್ಡ್ ಇಷ್ಟವೇ?" ಎಂದು ಮೇಡಂ ಕೇಳಿದರೆ ಯಾವ ಮಗು ಇಲ್ಲ ಎಂದೀತು? ಹೆಸರು ಬರೆಯದ ಚೀಟಿಯಲ್ಲಿ "ಇಂದು ಆ ಕೋಣೆಯಲ್ಲಿ ನೀನು ಏನು ಮಾಡಿದೆ?" ಎಂದು ಕೇಳಿ. "ನೋಡಿದೆ", "ಬರೆದುಕೊಂಡೆ" ಎಂಬುದೇ ತುಂಬಿದ್ದರೆ ಆಕಳಿಕೆಯ ಕಾರಣ ಅಲ್ಲಿದೆ. ನನಗೆ ಬಂದ ಚೀಟಿಗಳಲ್ಲಿ ಆರು ಮಕ್ಕಳು ಇನ್ನೊಂದನ್ನೂ ಬರೆದಿದ್ದರು: ಕಿಟಕಿಯ ಬಿಸಿಲು ಬಿದ್ದು ಹಿಂದಿನ ಬೆಂಚಿಗೆ ಏನೂ ಕಾಣುವುದಿಲ್ಲ. ಇಡೀ ಅರ್ಧ ವರ್ಷ ಅದು ನನ್ನ ಗಮನಕ್ಕೇ ಬಂದಿರಲಿಲ್ಲ. ಮರುದಿನ ಮನೆಯಿಂದ ಹಳೆಯ ಸೀರೆಯೊಂದನ್ನು ತಂದು ಕಿಟಕಿಗೆ ಕಟ್ಟಿದೆವು.