ಕಣ ಮುಗಿಯುವವರೆಗೆ ಪಾಯ ಕಾಯಬೇಕೆ?

ಪ್ರಶ್ನೆ: ಮೂಡಿಗೆರೆ ಬಳಿಯ ನಮ್ಮ ತೋಟದಲ್ಲಿ ನವೆಂಬರಿನ ಅರೇಬಿಕಾ ಕೊಯ್ಲಿಗೆ ಮೊದಲು ಕಾಫಿ ಒಣಗಿಸುವ ಸಿಮೆಂಟ್ ಕಣವೂ, ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರವಾದ ಪಲ್ಪರ್ ಇಡುವ ಮನೆಯೂ ಸಿದ್ಧವಾಗಬೇಕಿದೆ. ಕೆಲಸಗಳ ವೇಳಾಪಟ್ಟಿ ಹಾಕುವ ತಂತ್ರಾಂಶವಾದ ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನಲ್ಲಿ ಇವೆರಡನ್ನೂ ಮುಖ್ಯ ಕೆಲಸಗಳೆಂದು ಬರೆದು, ಒಳಗೆ ಉಪಕೆಲಸಗಳನ್ನು ಸೇರಿಸಿದ್ದೇನೆ. ಕಾಂಕ್ರೀಟ್ ಹಾಕುವ ತಂಡ ಒಂದೇ ಆದ್ದರಿಂದ ಕಣದ ಮುಖ್ಯ ಸಾಲಿಗೆ ಪಲ್ಪರ್ ಮನೆಯ ಮುಖ್ಯ ಸಾಲನ್ನು ಜೋಡಿಸಿದೆ. ಈಗ ಪಲ್ಪರ್ ಮನೆಯ ಪಾಯ ತೋಡುವುದೂ ಕಣ ಮುಗಿದ ಮೇಲೆಯೇ ಎಂದು ತೋರಿಸುತ್ತಿದೆ. ಕೆಲವು ಉಪಕೆಲಸಗಳಂತೂ ಹಿಂದಿನ ಕೆಲಸದ ದಿನಗಳನ್ನು ಕಡಿಮೆ ಮಾಡಿದರೂ ಕದಲುವುದಿಲ್ಲ. ತಪ್ಪೆಲ್ಲಿದೆ?

ಉತ್ತರ: ಮುಖ್ಯ ಸಾಲು ತಾನಾಗಿ ಒಂದು ಕೆಲಸವಲ್ಲ, ತನ್ನೊಳಗಿನ ಉಪಕೆಲಸಗಳ ಮೊದಲ ದಿನದಿಂದ ಕೊನೆಯ ದಿನದವರೆಗಿನ ಅವಧಿಯನ್ನು ಅದು ತೋರಿಸುತ್ತದೆ, ಅಷ್ಟೆ. ಎರಡು ಮುಖ್ಯ ಸಾಲುಗಳನ್ನು ಜೋಡಿಸಿದರೆ ಎರಡನೆಯದರ ಒಳಗಿರುವ ಎಲ್ಲವೂ, ಕಾಯಬೇಕಾಗಿಲ್ಲದ ಪಾಯವೂ ಸೇರಿ, ಮೊದಲನೆಯದಕ್ಕಾಗಿ ಕಾಯುತ್ತದೆ. ಆ ಕೊಂಡಿಯನ್ನು ತೆಗೆದುಹಾಕಿ. ನಿಮ್ಮಲ್ಲಿ ನಿಜವಾಗಿ ಕಾಯಬೇಕಾದದ್ದು ಪಲ್ಪರ್ ಕೂರಿಸುವ ಕಟ್ಟೆಯ ಕಾಂಕ್ರೀಟ್ ಒಂದೇ; ಅದನ್ನು ಕಣದ ಕಾಂಕ್ರೀಟ್ ಎಂಬ ಉಪಕೆಲಸಕ್ಕೆ ನೇರವಾಗಿ ಜೋಡಿಸಿದರೆ ಪಾಯದ ಕೆಲಸ ಕೂಡಲೇ ಮುಂಚಿತವಾಗಿ ಬರುತ್ತದೆ.

ಕದಲದ ಉಪಕೆಲಸಗಳಿಗೆ ನೀವು ಬಹುಶಃ ಪ್ರಾರಂಭದ ದಿನಾಂಕವನ್ನು ಕೈಯಾರೆ ಬರೆದಿದ್ದೀರಿ. ಹಾಗೆ ಬರೆದೊಡನೆ 'ಇದಕ್ಕಿಂತ ಮೊದಲು ಆರಂಭವಾಗಬಾರದು' ಎಂಬ ನಿರ್ಬಂಧವನ್ನು ತಂತ್ರಾಂಶವೇ ಹಾಕಿಕೊಳ್ಳುತ್ತದೆ. ಕೆಲಸದ ವಿವರದ ಅಡ್ವಾನ್ಸ್ಡ್ ಪುಟದಲ್ಲಿ ಅದನ್ನು 'ಆ್ಯಸ್ ಸೂನ್ ಆ್ಯಸ್ ಪಾಸಿಬಲ್' (ಸಾಧ್ಯವಾದಷ್ಟು ಬೇಗ) ಎಂದು ಬದಲಾಯಿಸಿ, ಸಾಲು ದಿನಾಂಕಗಳನ್ನು ತಂತ್ರಾಂಶವೇ ಲೆಕ್ಕಹಾಕುವ ಆಟೋ ಶೆಡ್ಯೂಲ್‌ನಲ್ಲಿದೆಯೇ ಎಂದೂ ನೋಡಿ.

ನೀವು ಕೇಳದಿದ್ದರೂ ಹೇಳಲೇಬೇಕಾದ ಇನ್ನೊಂದು ವಿಷಯವಿದೆ. ಕಾಂಕ್ರೀಟಿನ ಮೇಲೆ ನೀರು ಕಟ್ಟಿ ಒದ್ದೆಯಾಗಿಡುವ ದಿನಗಳನ್ನು ಬಹಳ ಜನ ಲೆಕ್ಕಕ್ಕೇ ಸೇರಿಸುವುದಿಲ್ಲ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456 : 2000ದಂತೆ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಿಗೆ ಕನಿಷ್ಠ 10 ದಿನ ಬೇಕು. ಕಟ್ಟೆಯ ಕಾಂಕ್ರೀಟಿಗೂ ಪಲ್ಪರ್ ಕೂರಿಸುವುದಕ್ಕೂ ನಡುವಿನ ಕೊಂಡಿಯಲ್ಲಿ ಈ ಅಂತರವನ್ನು ಲ್ಯಾಗ್ (ಎರಡು ಕೆಲಸಗಳ ನಡುವೆ ಕಾಯುವ ಅವಧಿ) ಆಗಿ ಬರೆಯಿರಿ. ಆದರೆ ಬರಿದೇ 10 ದಿನ ಎಂದರೆ ತಂತ್ರಾಂಶ ಕೆಲಸದ ದಿನಗಳನ್ನು ಮಾತ್ರ ಎಣಿಸುತ್ತದೆ. ಶನಿವಾರ, ಭಾನುವಾರ ಎರಡೂ ರಜೆಯಿರುವ ಸ್ಟ್ಯಾಂಡರ್ಡ್ ಕ್ಯಾಲೆಂಡರಿನಲ್ಲಿ ಅದು 14 ದಿನಗಳಾಗಿಬಿಡುತ್ತದೆ. ಕಾಂಕ್ರೀಟ್ ಭಾನುವಾರವೂ ಗಟ್ಟಿಯಾಗುತ್ತಿರುತ್ತದೆ, ಆದ್ದರಿಂದ ರಜೆಯೂ ಸೇರಿ ಎಲ್ಲ ದಿನಗಳನ್ನೂ ಎಣಿಸುವ ಎಲಾಪ್ಸ್ಡ್ ದಿನಗಳೆಂದೇ ನಮೂದಿಸಿ.

ಕೊಯ್ಲಿನ ದಿನವನ್ನು ನಿರ್ಬಂಧವಾಗಿ ಹಾಕದೆ, ಅದೇ ಅಡ್ವಾನ್ಸ್ಡ್ ಪುಟದ ಡೆಡ್‌ಲೈನ್ ಜಾಗದಲ್ಲಿ ಬರೆಯಿರಿ. ಕೆಲಸ ಆ ದಿನವನ್ನು ದಾಟಿದರೆ ಸಾಲಿನ ಪಕ್ಕದಲ್ಲಿ ಕೆಂಪು ಗುರುತು ಕಾಣಿಸಿಕೊಳ್ಳುತ್ತದೆ.