ಅಂಚೆಗೆ ಹಾಕದ ಕಾಗದ

ಹೆಸರು, ಊರು, ರೆಜಿಮೆಂಟ್ ಯಾವುದನ್ನೂ ಹೇಳುತ್ತಿಲ್ಲ. ದಂಪತಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಆಪ್ತಸಲಹೆಗೆಂದು ನನ್ನ ಬಳಿ ಮೊದಲು ಬಂದವರು ಹೆಂಡತಿ. ಮಾಸಿದ ನೀಲಿ ಇನ್‌ಲ್ಯಾಂಡ್ ಲೆಟರ್ ಒಂದನ್ನು ಮೇಜಿನ ಮೇಲಿಟ್ಟರು. ಗಂಡನ ಕಪ್ಪು ಟ್ರಂಕಿನ ತಳದಲ್ಲಿ ಹಾಸಿದ್ದ ಪೇಪರಿನ ಕೆಳಗೆ ಸಿಕ್ಕಿತಂತೆ. 1999ರ ಜೂನ್‌ನಲ್ಲಿ, ಕಾರ್ಗಿಲ್ ಯುದ್ಧದ ಹೊತ್ತಿನಲ್ಲಿ, ಸೈನಿಕರಾಗಿ ದ್ರಾಸ್ ಕಡೆ ಇದ್ದಾಗ ಬರೆದದ್ದು.

"ಆಗ ಬರ್ತಿದ್ದ ಕಾಗದದಲ್ಲೆಲ್ಲ 'ನಾನು ಕ್ಷೇಮ, ಮಗೂನ ನೋಡ್ಕೋ' ಅಷ್ಟೇ ಇರ್ತಿತ್ತು ಮೇಡಂ. ಇದರಲ್ಲಿ ಬೇರೇನೇ ಇದೆ."

ಮುಕ್ಕಾಲು ಪಾಲು ಕ್ಯಾಂಪಿನ ಮಾತು. ಹಿಮ ಕರಗಿಸಿ ಕಾಯಿಸಿದ ನೀರು, ಸೀಮೆಎಣ್ಣೆ ವಾಸನೆಯ ಚಹಾ, ಶೆಲ್ ಬೀಳುವಾಗ ಬಂಡೆಗೆ ಆತುಕೊಂಡು ಕೂರುವುದು. ಆಮೇಲೆ ಒಂದು ಸಾಲು, ಪೆನ್ನು ಒತ್ತಿದ ರಭಸಕ್ಕೆ ಕಾಗದವೇ ತೂತಾಗಿದೆ: "ನನ್ನ ಸರದಿಗೆ ಅವನು ಹೋದ." ಇವರಿಗೆ ಜ್ವರವಿತ್ತೆಂದು ಗೆಳೆಯ ಪಹರೆಗೆ ಹೋಗಿದ್ದ, ತಿರುಗಿ ಬರಲಿಲ್ಲ. "ಅವರಮ್ಮನಿಗೆ ಏನಂತ ಬರೀಲಿ" ಎಂಬಲ್ಲಿಗೆ ಕಾಗದ ನಿಂತಿದೆ.

ಆ ಯುದ್ಧದಲ್ಲಿ ಭಾರತ 527 ಯೋಧರನ್ನು ಕಳೆದುಕೊಂಡಿತು. ಪ್ರತಿ ಜುಲೈ 26ಕ್ಕೆ, ಕಾರ್ಗಿಲ್ ವಿಜಯ ದಿನದಂದು, ಶಾಲೆಯವರು ಸನ್ಮಾನಕ್ಕೆ ಕರೆದರೆ ಇವರು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾರೆ. ಹೆಂಡತಿ ಅದನ್ನು ಸಂಕೋಚ ಎಂದುಕೊಂಡಿದ್ದರು. ಜೂನ್ ಬಂತೆಂದರೆ ನಿದ್ದೆಯಿಲ್ಲ, ಕುಕ್ಕರ್ ಕೂಗಿದರೂ ಬೆಚ್ಚುತ್ತಾರೆ.

ಕಾಗದ ಮುಂದಿಟ್ಟು ಕೇಳಿಬಿಡಲೇ ಎಂದರು. ಓದಿದ್ದನ್ನು ಮುಚ್ಚಿಡಬೇಡಿ, ಆದರೆ ಸಾವಿನ ಬಗ್ಗೆ ಕೇಳಬೇಡಿ, ಚಹಾದ ಬಗ್ಗೆ ಕೇಳಿ ಎಂದೆ. ಇನ್ನೊಂದನ್ನು ಒತ್ತಿ ಹೇಳಿದೆ: "'ನಿಮ್ಮ ತಪ್ಪೇನಿಲ್ಲ ಬಿಡಿ' ಅಂತ ಮಾತ್ರ ಅವಸರಪಡಬೇಡಿ." ಪ್ರೀತಿಯಿಂದಲೇ ಆಡುವ ಮಾತು ಅದು, ಆದರೆ ಬಾಯಿ ಬಿಡಲು ಹೊರಟವನ ಬಾಯಿ ಅಲ್ಲಿಗೇ ಮುಚ್ಚಿಹೋಗುತ್ತದೆ. ರಾತ್ರಿ ಕೈಮೀರಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಲು ಹೇಳಿದೆ.

ಮೂರನೇ ವಾರ ಗಂಡನೂ ಬಂದರು. ಯುದ್ಧದ ಆಘಾತ ಇನ್ನೂ ಮಾಗದ ಲಕ್ಷಣಗಳು ಸ್ಪಷ್ಟವಿದ್ದವು; ಮನೋವೈದ್ಯರ ಬಳಿ ಕಳಿಸಿದೆ, ಚಿಕಿತ್ಸೆ ನಡೆಯುತ್ತಿದೆ. ನಮ್ಮ ಮಾತುಕತೆಯೂ ನಿಂತಿಲ್ಲ. ಒಂದು ದಿನ ಕೇಳಿದೆ: "ಜ್ವರ ಅವರಿಗೆ ಬಂದು ನೀವು ಹೋಗಿದ್ದರೆ, ಅವರು ಇಷ್ಟು ವರ್ಷ ಹೀಗೆ ಬೇಯಲಿ ಅಂತ ಬಯಸ್ತಿದ್ರಾ?"

ಬಹಳ ಹೊತ್ತು ಅಂಗೈ ನೋಡುತ್ತ ಕೂತಿದ್ದರು. "ಅವನು ಮದುವೆ ಆಗ್ಲಿ, ಮಕ್ಕಳಾಗ್ಲಿ ಅಂತಿದ್ದೆ," ಎಂದರು. ಅವರು ಅತ್ತಿದ್ದನ್ನು ಹೆಂಡತಿ ನೋಡಿದ್ದು ಅಂದೇ ಮೊದಲಂತೆ.

ಆ ಗೆಳೆಯನ ತಾಯಿ ಇದ್ದಾರೆ. ಫೋನ್ ನಂಬರು ಇವರ ಜೇಬಿನಲ್ಲಿದೆ. ಇನ್ನೂ ಕರೆ ಮಾಡಿಲ್ಲ. ಅವಸರವಿಲ್ಲ, ಮಾಡುವ ದಿನ ಹೆಂಡತಿ ಪಕ್ಕದಲ್ಲಿರಲಿ ಎಂದಿದ್ದೇನೆ.