ತಲೆಗೆ ಪೆಟ್ಟಾದ ಮೇಲೆ ಮತ್ತೆ ನಾನು ನಾನಾಗೋದು ಹೇಗೆ?

ಡೊಂಬಿವ್ಲಿಯಿಂದ ನೀವು ಕೇಳಿದ್ದೀರಿ: ಬೈಕ್‌ನಿಂದ ಬಿದ್ದು ತಲೆಗೆ ಪೆಟ್ಟಾಗಿ ವರ್ಷವಾಯ್ತು, ಸ್ಕ್ಯಾನ್ ನಾರ್ಮಲ್ ಅಂತಾರೆ, ಆದ್ರೆ ಏನೂ ನೆನಪಿರಲ್ಲ, ಸಿಟ್ಟು ಜಾಸ್ತಿ, ನಾನು ಮೊದಲಿನ ಮನುಷ್ಯನೇ ಅಲ್ಲ ಅನ್ನಿಸುತ್ತೆ, ಏನು ಮಾಡಲಿ?

ಮೊದಲು ಸ್ಕ್ಯಾನ್ ವಿಷಯ. ಸಿ.ಟಿ. ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಕಾಣುತ್ತೆ, ಬುರುಡೆ ಬಿರುಕು ಬಿಟ್ಟಿದ್ದರೆ ಕಾಣುತ್ತೆ. ಆದರೆ ತಲೆ ಜೋರಾಗಿ ಅಲುಗಿದಾಗ ಮೆದುಳಿನೊಳಗಿನ ಸಣ್ಣ ಸಣ್ಣ ನರತಂತುಗಳು ಜಗ್ಗಿ ಹಾಳಾಗಿರಬಹುದು. ಅದು ಎಷ್ಟೋ ಸಲ ಸ್ಕ್ಯಾನ್‌ಗೆ ಸಿಗುವುದೇ ಇಲ್ಲ. ಹಾಗಾಗಿ ‘ರಿಪೋರ್ಟ್ ಸರಿ ಇದೆ, ಎಲ್ಲ ನಿನ್ನ ಮನಸ್ಸಿನದ್ದು’ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಹಣೆಯ ಹಿಂದಿರುವ ಮೆದುಳಿನ ಭಾಗಕ್ಕೆ ಪೆಟ್ಟಾದರೆ ಸಿಟ್ಟು ತಡೆದುಕೊಳ್ಳೋದು ಕಷ್ಟ, ಯಾವ ಕೆಲಸ ಮೊದಲು ಯಾವುದು ಆಮೇಲೆ ಅಂತ ಜೋಡಿಸೋದೂ ಕಷ್ಟ. ನಿಮ್ಮ ಗುಣ ಕೆಟ್ಟಿದೆ ಅಂತ ಅರ್ಥ ಅಲ್ಲ.

ನಾನು ಕುಂದಾಪುರದ ಕಡೆಯವನು. ಮಾಟುಂಗಾದಲ್ಲಿ ಸೋದರಮಾವನ ಹೋಟೆಲ್. ವಾಶಿ ಮಾರ್ಕೆಟ್‌ನಿಂದ ಸಾಮಾನು ತರೋದು ನನ್ನ ಕೆಲಸ. ಉದ್ದಿನಬೇಳೆ, ಅಕ್ಕಿ, ಬ್ಯಾಡಗಿ ಮೆಣಸು, ಎಲ್ಲದರ ರೇಟು ನನ್ನ ಬಾಯಲ್ಲೇ ಇರ್ತಿತ್ತು. ಮಳೆಗಾಲದಲ್ಲಿ ಸ್ಕೂಟರ್ ಗುಂಡಿಗೆ ಇಳಿದು ಬಿದ್ದೆ. ಆಮೇಲೆ ಅಂಗಡಿಯವನು ಎರಡನೇ ರೇಟು ಹೇಳುವಷ್ಟರಲ್ಲಿ ಮೊದಲನೆಯದು ಮರೆತು ಹೋಗುತ್ತಿತ್ತು. ಮರಾಠಿಯಲ್ಲಿ ಮಾತು ಶುರು ಮಾಡಿ, ಪದ ಸಿಗದೆ ನಡುವೆಯೇ ನಿಂತುಬಿಡುತ್ತಿದ್ದೆ. ಲೆಕ್ಕದ ಹುಡುಗ ಅಂತಲೇ ಎಲ್ಲರಿಗೂ ನಾನು ಗೊತ್ತು. ಲೆಕ್ಕವೇ ಹೋದ ಮೇಲೆ ಇನ್ನು ನಾನು ಯಾರು? ಆ ಸಂಕಟ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಮಾವ ಒಂದು ದಿನ, ‘ಕಾಯಿ ಮಾತ್ರ ನೀನೇ ಕಾಣ್ ಮಾರಾಯಾ’ ಅಂದರು. ಬೇರೇನೂ ಬೇಡ, ತೆಂಗಿನಕಾಯಿ ಆರಿಸೋದು ಅಷ್ಟೇ. ರಾಶಿಯ ಮುಂದೆ ಕೂತೆ. ಒಂದು ಕಾಯಿ ಎತ್ತಿ ಕಿವಿ ಹತ್ತಿರ ಅಲುಗಿಸಿದೆ. ನೀರಿನ ಸದ್ದು ಸರಿಯಾಗಿತ್ತು. ಕಾಯಿಯ ಕಣ್ಣಿನ ಹತ್ತಿರ ಹೆಬ್ಬೆರಳಿಂದ ಒತ್ತಿ ನೋಡಿದೆ, ಒದ್ದೆ ಇರಲಿಲ್ಲ. ಪಕ್ಕಕ್ಕಿಟ್ಟೆ. ಮುಂದಿನದು ಕೈಗೆ ಹಗುರ ಅನ್ನಿಸಿತು, ವಾಪಸ್ ಎಸೆದೆ. ಯೋಚನೆ ಮಾಡುವ ಮೊದಲೇ ಕೈ ತೀರ್ಮಾನ ಮಾಡುತ್ತಿತ್ತು. ಅವತ್ತು ಬಂದ ಕಾಯಲ್ಲಿ ಒಂದೂ ಕೊಳೆತದ್ದು ಇರಲಿಲ್ಲ.

ಇದಕ್ಕೆ ಕಾರಣ ಇದೆ. ಹೊಸ ಮಾತು, ನಿನ್ನೆ ನಡೆದದ್ದು, ಇಂಥವನ್ನು ಹಿಡಿದಿಡುವುದು ಮೆದುಳಿನ ಹಿಪ್ಪೊಕ್ಯಾಂಪಸ್ ಅನ್ನೋ ಭಾಗ. ಪೆಟ್ಟಿಗೆ ಅದು ಬೇಗ ಸೋಲುತ್ತದೆ. ಕೈಗೆ ರೂಢಿಯಾದ ಕೆಲಸದ ನೆನಪು ಬೇರೆ ಕಡೆ ಇರುತ್ತೆ. ತುಂಬಾ ಜನರಲ್ಲಿ ಅದು ಉಳಿದುಕೊಂಡಿರುತ್ತದೆ. ಹಾಗಾಗಿ ಮೊದಲಿನ ಹಾಗೆ ಆದ ಮೇಲೆ ಕೆಲಸ ಶುರು ಮಾಡ್ತೀನಿ ಅಂತ ಕಾಯಬೇಡಿ. ಉಳಿದಿರುವ ಒಂದು ಕೆಲಸ ಹುಡುಕಿ. ಅದು ನಾಲ್ಕು ಜನಕ್ಕೆ ಬೇಕಾದ ಕೆಲಸ ಆಗಿರಲಿ. ಮನೆಯವರು ಸುಮ್ನೆ ಸಮಾಧಾನಕ್ಕೆ ಕೊಟ್ಟಿದ್ದಾದರೆ ಅದು ನಿಮಗೇ ಗೊತ್ತಾಗಿಬಿಡುತ್ತದೆ.

ಮೊಬೈಲ್‌ನಲ್ಲಿ ಮೆದುಳಿನ ಆಟ ಆಡು ಅಂತ ಎಲ್ಲರೂ ಹೇಳ್ತಾರೆ. ಆಡಿದರೆ ಆ ಆಟದಲ್ಲಿ ಚುರುಕಾಗುತ್ತೀರಿ, ಸಂಸಾರಕ್ಕೆ ಅದರಿಂದ ಉಪಯೋಗ ಕಮ್ಮಿ. ಅದರ ಬದಲು ಆಕ್ಯುಪೇಶನಲ್ ಥೆರಪಿಯವರ ಹತ್ತಿರ, ಅಂದರೆ ದಿನನಿತ್ಯದ ಕೆಲಸಗಳನ್ನೇ ಮಾಡಿಸಿ ಮತ್ತೆ ರೂಢಿ ಮಾಡಿಸುವವರ ಹತ್ತಿರ ಹೋಗಿ. ಈ ವಿದ್ಯೆಯ ಶಾಲೆ ದೇಶದಲ್ಲಿ ಮೊದಲು ತೆರೆದದ್ದು ನಮ್ಮ ಮುಂಬೈಯಲ್ಲೇ, 1950ರಲ್ಲಿ, ಪರೇಲ್‌ನ ಕೆ.ಇ.ಎಂ. ಆಸ್ಪತ್ರೆಯಲ್ಲಿ. ಕಮಲಾ ನಿಂಬ್ಕರ್ ಅನ್ನುವವರು ಶುರು ಮಾಡಿದ್ದು. ನನಗೆ ಸಿಕ್ಕ ಥೆರಪಿಸ್ಟ್ ಮೊದಲು ಉಪ್ಪಿಟ್ಟು ಮಾಡಿಸಿದರು. ರವೆ ಹುರಿ, ಗ್ಯಾಸ್ ಆರಿಸು, ಕಾಗದದ ಮೇಲೆ ಗೆರೆ ಹಾಕು, ಆಮೇಲೆ ಒಗ್ಗರಣೆ. ಪ್ರತಿ ಹೆಜ್ಜೆ ಮುಗಿದಾಗಲೂ ಹೀಗೆ ಒಂದು ಗೆರೆ. ತಪ್ಪಾಗುವ ಮೊದಲೇ ತಡೆದು ಸರಿದಾರಿ ತೋರಿಸುತ್ತಿದ್ದರು. ನೆನಪು ಸೋತವರಿಗೆ ತಪ್ಪು ಮಾಡಿದ್ದೇ ಗಟ್ಟಿಯಾಗಿ ಕೂತುಬಿಡುತ್ತದಂತೆ.

ರೇಟುಗಳಿಗೆ ಈಗ ಕಿಸೆಯಲ್ಲಿ ಒಂದು ಸಣ್ಣ ಪುಸ್ತಕ. ಒಂದೇ ಪುಸ್ತಕ, ಯಾವಾಗಲೂ ಅದೇ ಕಿಸೆ. ನೀವೂ ಇಟ್ಟುಕೊಳ್ಳಿ. ನಾಚಿಕೆ ಬೇಡ, ಕಣ್ಣು ಮಂಜಾದವರು ಕನ್ನಡಕ ಹಾಕಲ್ವಾ?

ಸುಸ್ತಿನ ಬಗ್ಗೆ ಮನೆಯವರಿಗೆ ಬಿಡಿಸಿ ಹೇಳಿ. ಮೊದಲು ತಾನಾಗಿಯೇ ಆಗುತ್ತಿದ್ದ ಕೆಲಸಕ್ಕೆ ಮೆದುಳು ಈಗ ತುಂಬಾ ಹೆಣಗಬೇಕು. ನೂಕುನುಗ್ಗಲ ಲೋಕಲ್‌ನಲ್ಲಿ ಡೊಂಬಿವ್ಲಿಯಿಂದ ಪರೇಲ್‌ಗೆ ಬಂದರೆ, ಇಳಿಯುವಷ್ಟರಲ್ಲಿ ಇಡೀ ದಿನದ ಶಕ್ತಿ ಮುಗಿದಿರುತ್ತದೆ. ಆಸ್ಪತ್ರೆಗೆ ಹೋಗೋದಿದ್ದರೆ ಜನ ಕಮ್ಮಿ ಇರುವ ಹೊತ್ತು ನೋಡಿ. ನಿದ್ದೆ ಬಿಡಬೇಡಿ, ಕುಡಿತ ಬೇಡ, ತಲೆಗೆ ಮತ್ತೆ ಪೆಟ್ಟು ಬೀಳದ ಹಾಗೆ ನೋಡಿಕೊಳ್ಳಿ. ಯಾವುದರಲ್ಲೂ ಮನಸ್ಸಿಲ್ಲ, ಬದುಕೇ ಬೇಡ ಅನ್ನಿಸಿದರೆ ತಡ ಮಾಡದೆ ಡಾಕ್ಟರಿಗೆ ಹೇಳಿ. ಈ ಪೆಟ್ಟಿನ ನಂತರ ಖಿನ್ನತೆ ತುಂಬಾ ಜನಕ್ಕೆ ಬರುತ್ತೆ, ಅದಕ್ಕೆ ಔಷಧಿ ಇದೆ.

ಇನ್ನೊಂದು ಮಾತು. ನೆನಪು, ಗಮನ ಅಳೆಯುವ ಪರೀಕ್ಷೆಗೆ ನ್ಯೂರೋಸೈಕಾಲಜಿಸ್ಟ್ ಹತ್ತಿರ ಕಳಿಸಿದರೆ ನಿಮಗೆ ಯಾವ ಭಾಷೆ ಸಲೀಸು ಅಂತ ಮೊದಲೇ ಹೇಳಿ. ಹಿಂದಿ, ಮರಾಠಿಯಲ್ಲಿ ಪದ ಹುಡುಕುತ್ತಾ ಕೂತರೆ, ಇರುವುದಕ್ಕಿಂತ ಕಮ್ಮಿ ಮಾರ್ಕ್ಸ್ ಬರಬಹುದು. ಊರಿಗೆ ಹೋಗುವುದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿಚಾರಿಸಿ. ಹೋಗುವಾಗ ಅಪಘಾತದ ದಿನದ ಕಾಗದಪತ್ರ, ಹಳೇ ಸ್ಕ್ಯಾನ್, ಜೊತೆಗೆ ದಿನಾ ನಿಮ್ಮ ಕಷ್ಟ ನೋಡುತ್ತಿರುವ ಒಬ್ಬರನ್ನು ಕರೆದುಕೊಂಡು ಹೋಗಿ.